ನಾಲ್ಕು ಬೆರಳು ಎಡಕ್ಕೆ

ಟಿಕ್.

ಗೋಲಿಗೆ ಗೋಲಿ ತಾಗಿದ ಸದ್ದು. ಶಾಲೆಯ ಮೊದಲ ಮಹಡಿಯ ಕೊನೆಯ ಕೋಣೆಯಿಂದ ಅದು ಬರುತ್ತಿತ್ತು. ಟಿಕ್. ಸ್ವಲ್ಪ ಮೌನ. ಮತ್ತೆ ಟಿಕ್, ಟಿಕ್. ನಡುವೆ ಯಾರೋ "ಅಯ್ಯೋ, ಕೂದಲೆಳೇಲಿ ತಪ್ಪಿಹೋಯ್ತು!" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು. ಕಿವಿಗೊಟ್ಟು ಕೇಳಿದವರಿಗೆ ಆ ಸದ್ದಿನ ಬೆನ್ನಿಗೇ ಅಂಟಿಕೊಂಡಂತೆ ಇನ್ನೊಂದು ಸಣ್ಣ ಸದ್ದೂ ಕೇಳಿಸುತ್ತಿತ್ತು. ದೂರದಲ್ಲೆಲ್ಲೋ ಓಡುವ ಹೊಲಿಗೆ ಯಂತ್ರದ ತಟತಟ.

ಆ ಕೋಣೆಯಲ್ಲಿ ಗೋಲಿಯೂ ಇರಲಿಲ್ಲ, ಹೊಲಿಗೆ ಯಂತ್ರವೂ ಇರಲಿಲ್ಲ. ಗೋಡೆಗುಂಟ ಸಾಲಾಗಿ ಕೂತ ಹಳೆಯ ಕಂಪ್ಯೂಟರುಗಳಿದ್ದವು. ಒಂದೊಂದರ ಮುಂದೆ ತೋಳಿಗೆ ತೋಳು ತಾಗಿಸಿ ಕುಳಿತ ಒಂಬತ್ತನೇ ತರಗತಿಯ ಮಕ್ಕಳಿದ್ದರು. ಅವರ ಬೆನ್ನ ಹಿಂದೆ ಕೈಕಟ್ಟಿಕೊಂಡು ಓಡಾಡುವ ಅತ್ತಿಗೆ ಇದ್ದಳು.

ಅತ್ತಿಗೆ ಅನ್ನುವುದು ಅವಳ ಹೆಸರಲ್ಲ. ಮದುವೆಯಾಗಿ ಈ ಓಣಿಗೆ ಬಂದ ದಿನ ಗಂಡನ ಪುಟ್ಟ ತಂಗಿ ಮನೆಮನೆಗೂ ಓಡಿ "ನಮ್ಮತ್ತಿಗೆ ಬಂದ್ಲು, ನಮ್ಮತ್ತಿಗೆ ಬಂದ್ಲು" ಎಂದು ಡಂಗುರ ಸಾರಿದ್ದಳು. ಅಂದಿನಿಂದ ಓಣಿಗೆಲ್ಲ ಅವಳು ಅತ್ತಿಗೆಯೇ. ಹಾಲಿನವನಿಗೂ ಅತ್ತಿಗೆ, ಅವಳಿಗಿಂತ ಹದಿನೈದು ವರ್ಷ ದೊಡ್ಡವನಾದ ದರ್ಜಿಗೂ ಅತ್ತಿಗೆ. ಸಿಟ್ಟು ಬಂದಾಗ ಸ್ವಂತ ಅತ್ತೆಯೇ "ಏನಮ್ಮಾ ಅತ್ತಿಗೆ" ಎಂದು ಕರೆದದ್ದುಂಟು. ಶಾಲೆಯಲ್ಲಿ ಮಾತ್ರ ಬಹಳ ಕಾಲ ಮೇಡಂ ಆಗಿದ್ದಳು. ಒಮ್ಮೆ ಓಣಿಯ ಹುಡುಗನೊಬ್ಬ ಪಾಠದ ನಡುವೆ ಎದ್ದು ನಿಂತು "ಅತ್ತಿಗೆ, ಅರ್ಥ ಆಗ್ಲಿಲ್ಲ" ಎಂದುಬಿಟ್ಟ. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಊಟದ ಬೆಲ್ಲು ಹೊಡೆಯುವಷ್ಟರಲ್ಲಿ ಇಡೀ ಶಾಲೆಗೆ ಸುದ್ದಿ ಮುಟ್ಟಿತ್ತು. ಎದುರಿಗೆ ಮೇಡಂ, ಹಿಂದಿನಿಂದ ಅತ್ತಿಗೆ ಎಂದು ಅಂದೇ ತೀರ್ಮಾನವಾಯಿತು.

ಅವಳು ಕಲಿಸುತ್ತಿದ್ದದ್ದು ಭೌತಶಾಸ್ತ್ರ. ಹಲಗೆಯ ಮೇಲೆ ಒಂದು ಚೌಕ ಬರೆದು, ಅದರ ಎರಡೂ ಬದಿಗೆ ಬಾಣ ಬರೆದು, "ಇದೊಂದು ಮರದ ತುಂಡು ಅಂದ್ಕೊಳ್ಳಿ" ಎಂದು ಪಾಠ ಶುರು ಮಾಡಿದರೆ, ಅರ್ಧ ತರಗತಿ ಮರದ ತುಂಡೇ ಆಗಿಬಿಡುತ್ತಿತ್ತು. ವರ್ಷ ವರ್ಷ ಅದೇ ಚೌಕ, ಅದೇ ಬಾಣ, ಅದೇ ಆಕಳಿಕೆ. ಅದೇ ಮಕ್ಕಳು ಸಂಜೆ ಓಣಿಯಲ್ಲಿ ಮಂಡಿಯೂರಿ ಗೋಲಿ ಆಡುವಾಗ ಮಾತ್ರ ಅವಳಿಗೆ ಬೇರೆ ಯಾರೋ ಆಗಿ ಕಾಣುತ್ತಿದ್ದರು. ದಪ್ಪ ಗೋಲಿ ಸಣ್ಣದಕ್ಕೆ ತಾಗಿದರೆ ಏನಾಗುತ್ತದೆ, ಒರಟು ನೆಲದಲ್ಲಿ ಎಷ್ಟು ದೂರ ಓಡುತ್ತದೆ, ಓರೆಯಾಗಿ ತಾಗಿದ್ದು ಯಾವ ಕಡೆಗೆ ಹಾರುತ್ತದೆ, ಎಲ್ಲ ಅವರ ಹೆಬ್ಬೆರಳಿಗೆ ಗೊತ್ತಿತ್ತು. ಹೆಬ್ಬೆರಳಿಗೆ ಗೊತ್ತಿದ್ದದ್ದು ತಲೆಗೆ ಏಕೆ ಹತ್ತುವುದಿಲ್ಲ ಎಂಬ ಚಿಂತೆ ಅವಳಿಗೆ ಹಿಡಿದದ್ದು ಹಾಗೆ.

ಗಂಡನ ತಂಗಿಗೆ ಈಗ ನಲವತ್ತು ವರ್ಷ. ಓಣಿಗೆ ಅವಳಿನ್ನೂ ಪಾಪು. ಅಚ್ಚಿನ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಕರಪತ್ರ, ಅಂಗಡಿ ಫಲಕಗಳನ್ನು ಜೋಡಿಸುವುದು ಅವಳ ಕೆಲಸ. ಬಿಡುವಿನಲ್ಲಿ ವಿಡಿಯೋ ನೋಡಿಕೊಂಡು ಆಟ ಕಟ್ಟುವುದನ್ನು ಕಲಿತಿದ್ದಳು. ಒಂದು ಸಂಜೆ ಅತ್ತಿಗೆ ತನ್ನ ಚಿಂತೆಯನ್ನು ಅವಳ ಮುಂದಿಟ್ಟಳು.

"ಅಷ್ಟೇನಾ? ನಮ್ಮ ಓಣೀನೇ ಒಳಗೆ ಹಾಕ್ಬಿಡೋಣ" ಎಂದಳು ಪಾಪು, ಅಂಗಡಿಯಿಂದ ಉಪ್ಪು ತರುವಷ್ಟು ಸಲೀಸಾಗಿ.

ಆ ಮಾತು ನಡೆದದ್ದು ಊಟದ ಮೇಜಿನ ಬಳಿ. ಮುಂದಿನ ಎರಡು ವರ್ಷ ಆ ಮೇಜಿನ ಮೇಲೆ ಯಾರಿಗೂ ನೆಮ್ಮದಿಯಾಗಿ ತಟ್ಟೆ ಇಡಲು ಜಾಗ ಸಿಗಲಿಲ್ಲ. ದರ್ಜಿಯ ಅಂಗಡಿಯ ಬಾಗಿಲು, ನಲ್ಲಿ, ಚರಂಡಿ, ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತ ಅತ್ತೆ, ಎಲ್ಲ ಒಂದೊಂದಾಗಿ ಪರದೆಯ ಮೇಲೆ ಬಂದವು. ಅತ್ತೆ ತನ್ನ ಚಿತ್ರ ನೋಡಿ, "ನಾನಿಷ್ಟು ದಪ್ಪಗಿದೀನಾ?" ಎಂದು ಎರಡು ದಿನ ಮಗಳ ಜೊತೆ ಮಾತು ಬಿಟ್ಟಳು. ಆಟದಲ್ಲಿ ಗೋಲಿಯ ತೂಕ ಬದಲಿಸಬಹುದಿತ್ತು, ನೆಲವನ್ನು ಒರಟು ಮಾಡಬಹುದಿತ್ತು, ಹೊಡೆತದ ಜೋರನ್ನು ಅಳೆಯಬಹುದಿತ್ತು. ಹೊಡೆಯುವ ಮುನ್ನ ಮಕ್ಕಳು ಗೋಲಿ ಎಲ್ಲಿ ನಿಲ್ಲುತ್ತದೆಂದು ಹೇಳಬೇಕು, ಹೊಡೆದ ಮೇಲೆ ಏಕೆ ಹಾಗಾಯಿತೆಂದು ಹೇಳಬೇಕು. ಸದ್ದಿಗಾಗಿ ಅತ್ತಿಗೆ ನಾದಿನಿಯರಿಬ್ಬರೂ ಮನೆಯ ಮೂಲೆಮೂಲೆಯಲ್ಲೂ ಗೋಲಿ ಕುಟ್ಟಿದರು. ಅಡುಗೆಮನೆಯ ಕಲ್ಲಿನ ಮೇಲೆ ಕೀರಲಾಯಿತು, ಚಾಪೆಯ ಮೇಲೆ ಮಂಕಾಯಿತು. ಕೊನೆಗೆ ಓಣಿಯ ಮಣ್ಣಿನ ಮೇಲೆಯೇ ಕೂತು ದಾಖಲಿಸಿದರು. ದರ್ಜಿ ಯಂತ್ರ ನಿಲ್ಲಿಸಲು ಒಪ್ಪಲಿಲ್ಲ. "ನಾನು ಹೊಟ್ಟೆಪಾಡು ನೋಡ್ಬೇಕಾ, ನಿಮ್ಮ ಗೋಲಿ ಸದ್ದು ಕೇಳ್ಬೇಕಾ?" ಎಂದ. ಹೀಗೆ ಅವನ ಯಂತ್ರವೂ ಆಟದೊಳಗೆ ಸೇರಿಕೊಂಡಿತು.

ಮೊದಲ ಸಲ ಗೋಲಿ ಓಡಿದಾಗ ಪಾಪು ಮುಖ ಕಿವುಚಿದ್ದಳು. "ಇದೇನೋ ಸರಿ ಕಾಣ್ತಿಲ್ಲ ಅತ್ತಿಗೆ. ಸತ್ತ ಗೋಲಿ ಓಡ್ದಂಗಿದೆ." ಮರುದಿನ ಸಂಜೆ ಏನೋ ತಿದ್ದಿ ಕರೆದಳು. ಅತ್ತಿಗೆ ಹೊಡೆದಳು, ತಾಗಿತು. ಅತ್ತೆಯನ್ನು ಕೂರಿಸಿದರು. ಅವಳು ಒಂದೇ ಬೆರಳಲ್ಲಿ ಹೊಡೆದಳು, ಅದೂ ತಾಗಿತು. ಮೂವರಿಗೂ ಜೀವ ಬಂದಂತಾಯಿತು.

ಹೆಡ್‌ಮಾಸ್ಟರು ಒಂದು ಟರ್ಮಿನ ಮಟ್ಟಿಗೆ ಆ ಕೋಣೆಯನ್ನು ಕೊಟ್ಟಿದ್ದರು. ಟರ್ಮು ಮುಗಿಯುವ ಹೊತ್ತಿಗೆ ಮೇಲಿನಿಂದ ಒಬ್ಬ ಅಧಿಕಾರಿ ಬಂದು ನೋಡುತ್ತಾರೆ. ಅವರು ಒಪ್ಪಿದರೆ ಕೋಣೆ ಅತ್ತಿಗೆಯ ಆಟಕ್ಕೆ ಉಳಿಯುತ್ತದೆ, ಬೇರೆ ಶಾಲೆಗಳಿಗೂ ಆಟ ಹೋಗುತ್ತದೆ. ಒಪ್ಪದಿದ್ದರೆ ಕಂಪ್ಯೂಟರುಗಳು ಕಚೇರಿಗೆ, ಅತ್ತಿಗೆ ಮತ್ತೆ ಚೌಕಕ್ಕೆ, ಬಾಣಕ್ಕೆ.

ಒಪ್ಪದೆ ಇರಲು ಕಾರಣವೇ ಕಾಣುತ್ತಿರಲಿಲ್ಲ. ಮಕ್ಕಳು ಬೆಲ್ಲು ಹೊಡೆದರೂ ಕೋಣೆಯಿಂದ ಏಳುತ್ತಿರಲಿಲ್ಲ. ಎಲ್ಲದಕ್ಕೂ ಅಡ್ಡ ಪ್ರಶ್ನೆ ಹಾಕುವ, ಅದಕ್ಕಾಗಿಯೇ ಲಾಯರ್ ಎಂದು ಹೆಸರಾದ ಹುಡುಗಿ, ಘರ್ಷಣೆ ಎಂದರೇನೆಂದು ಕೇಳಿದರೆ ಈಗ ಎದ್ದು ನಿಂತು ವಾದ ಮಂಡಿಸುತ್ತಿದ್ದಳು. ಕೈ ಕಟ್ಟಿ ಕೂರುತ್ತಿದ್ದವಳು ಒಬ್ಬಳೇ, ಆ ವರ್ಷ ಬಂದು ಸೇರಿದ ಹೊಸ ಹುಡುಗಿ. ಅವಳ ಮನೆ ರೈಲುಹಳಿಯ ಆಚೆ, ಬಯಲು ಕಡೆಗಿತ್ತು. ಉಳಿದವರೆಲ್ಲ ಗುಡ್ಡದ ಮೈಗೆ ಅಂಟಿಕೊಂಡ ಓಣಿಗಳ ಮಕ್ಕಳು. ಅವಳು ಹೊಡೆದದ್ದು ಒಂದೂ ತಾಗುತ್ತಿರಲಿಲ್ಲ. ಅವಳ ಸರದಿ ಬಂದರೆ ಜೊತೆಯವರು "ಹೂಂ, ಇನ್ನೊಂದು ಚರಂಡಿಗೆ" ಎಂದು ನಗುತ್ತಿದ್ದರು.

ಒಂದು ದಿನ ಅವಳು ಎಲ್ಲರೂ ಹೋದ ಮೇಲೆ ಬಾಗಿಲ ಬಳಿ ನಿಂತಿದ್ದಳು.

"ಮೇಡಂ, ನಾನು ನೆಟ್ಟಗೇ ಹೊಡೀತೀನಿ. ಆದ್ರೂ ತಪ್ಪುತ್ತೆ. ನನ್ನ ಕಂಪ್ಯೂಟರ್ ಕೆಟ್ಟಿದೆಯಾ?"

ಅತ್ತಿಗೆ ಅವಳ ತಲೆ ಸವರಿದಳು. "ನೆಟ್ಟಗೆ ಯಾಕೆ ಹೊಡೀತೀಯ? ನಾಲ್ಕು ಬೆರಳು ಎಡಕ್ಕೆ ಗುರಿ ಇಡು. ತಾನಾಗೇ ಬಂದು ತಾಗುತ್ತೆ."

"ಯಾಕೆ ಮೇಡಂ?"

"ಯಾಕೇನು, ಆಡ್ತಾ ಆಡ್ತಾ ರೂಢಿ ಆಗುತ್ತೆ ಬಿಡು."

ಅಧಿಕಾರಿ ಬರುವ ಹಿಂದಿನ ವಾರ ಅತ್ತಿಗೆ ಒಂದು ಪರೀಕ್ಷೆ ಕೊಟ್ಟಳು. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಒಂದು ತುದಿಯಲ್ಲಿ ಉತ್ತರ ತಿದ್ದುತ್ತ ಕುಳಿತಳು. ಇನ್ನೊಂದು ತುದಿಯಲ್ಲಿ ಪಾಪು ಆಟಕ್ಕೆ ಹೊಸ ಬಣ್ಣ ಬಳಿಯುತ್ತಿದ್ದಳು. ಮಕ್ಕಳು ಚೆನ್ನಾಗಿ ಬರೆದಿದ್ದರು, ಕೊನೆಯ ಪ್ರಶ್ನೆಯವರೆಗೆ. ಆ ಪ್ರಶ್ನೆ ಎಲ್ಲಕ್ಕಿಂತ ಸುಲಭದ್ದು. ಸಮತಟ್ಟಾದ ನುಣುಪು ನೆಲದ ಮೇಲೆ ಗೋಲಿಯೊಂದು ಉರುಳುತ್ತಿದೆ, ಅದನ್ನು ಯಾರೂ ತಳ್ಳುತ್ತಿಲ್ಲ, ಎಳೆಯುತ್ತಿಲ್ಲ, ತಡೆಯುತ್ತಿಲ್ಲ. ಅದು ಹೋಗುವ ಹಾದಿಯನ್ನು ಗೆರೆ ಎಳೆದು ತೋರಿಸಿ.

ಮೊದಲ ಉತ್ತರದಲ್ಲಿ ಗೆರೆ ಬಲಗಡೆಗೆ ಬಾಗಿತ್ತು. ಅವಳು ತಪ್ಪು ಹಾಕಿದಳು. ಎರಡನೆಯದರಲ್ಲೂ ಬಾಗಿತ್ತು. ನಕಲು ಹೊಡೆದಿದ್ದಾರೆ ಅಂದುಕೊಂಡಳು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಕೆಂಪು ಪೆನ್ನು ಕೈಯಲ್ಲೇ ನಿಂತಿತ್ತು. ಒಂದೇ ಕಡೆಗೆ, ಒಂದೇ ಬಾಗು, ಗಾಳಿಗೆ ಒಲೆದ ಪೈರಿನಂತೆ. ಲಾಯರ್ ಹುಡುಗಿ ಕೆಳಗೆ ಒಂದು ಸಾಲು ವಿವರಣೆಯನ್ನೂ ಬರೆದಿದ್ದಳು: "ಗೋಲಿಯ ಸ್ವಭಾವವೇ ಹೀಗೆ." ಒಬ್ಬಳು ಮಾತ್ರ ಸ್ಕೇಲು ಇಟ್ಟು ನೇರ ಗೆರೆ ಎಳೆದಿದ್ದಳು. ಹೊಸ ಹುಡುಗಿ.

ಅತ್ತಿಗೆ ಆ ನೇರ ಗೆರೆಯನ್ನು ಬಹಳ ಹೊತ್ತು ನೋಡಿದಳು.

"ಪಾಪು, ಗೋಲೀನ ಯಾರು ತಳ್ತಿದಾರೆ?"

"ಯಾವ ಗೋಲಿ?"

"ಆಟದ್ದು. ಬಲಗಡೆಗೆ ಹೋಗುತ್ತಲ್ಲ."

"ಗೋಲಿ ಅಂದ್ಮೇಲೆ ಆ ಕಡೆ ಹೋಗ್ದೇ ಇರುತ್ತಾ?" ಎಂದು ಹೇಳಿ ಮುಗಿಸುವಷ್ಟರಲ್ಲೇ ಪಾಪುವಿನ ಕೈ ನಿಂತಿತು. ತನ್ನ ಮಾತು ತನಗೇ ಕೇಳಿಸಿದವಳಂತೆ ಅವಳು ತಲೆ ಎತ್ತಿದಳು.

ಇಬ್ಬರೂ ಎದ್ದು ಓಣಿಗೆ ಬಂದರು. ಓಣಿಯ ಮಕ್ಕಳು ತಲೆತಲಾಂತರದಿಂದ ದರ್ಜಿಯ ಅಂಗಡಿಗೆ ಬೆನ್ನು ಮಾಡಿ, ನಲ್ಲಿಯ ಕಡೆಗೇ ಗೋಲಿ ಹೊಡೆಯುವವರು. ಇನ್ನೊಂದು ಕಡೆಯಿಂದ ಹೊಡೆದರೆ ಗೋಲಿ ಹೋಗಿ ದರ್ಜಿಯ ಕಾಲಡಿ ಬೀಳುತ್ತದೆ, ಅವನು ಹಿಂದಿರುಗಿಸುವುದಿಲ್ಲ. ಪಾಪು ಅಂಗಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಗೋಲಿಯೊಂದನ್ನು ನೆಲದ ಮೇಲೆ ಇಟ್ಟು ಕೈ ಬಿಟ್ಟಳು. ಗೋಲಿ ಕ್ಷಣ ಹೊತ್ತು ಯೋಚಿಸಿದಂತೆ ನಿಂತಿತು. ಆಮೇಲೆ ಮೆಲ್ಲಗೆ, ಯಾರಿಗೂ ಕಾಣದಂತೆ ಮನೆಯಿಂದ ಜಾರಿಕೊಳ್ಳುವವರ ಹಾಗೆ, ಬಲಗಡೆಯ ಚರಂಡಿಯತ್ತ ಹೊರಟಿತು.

"ನನ್ನ ಬಟ್ಟಲು ಬಿದ್ರೆ ಉರುಳೋದೂ ಅಲ್ಲಿಗೇ" ಎಂದಳು ಕಟ್ಟೆಯ ಮೇಲಿನ ಅತ್ತೆ. "ಇದನ್ನ ನೋಡೋಕೆ ಇಬ್ಬರು ಬೇಕಾಯ್ತಾ?"

ಪಾಪುವಿಗೆ ಅರ್ಥವಾಗಿತ್ತು. ಹುಟ್ಟಿದಂದಿನಿಂದ ಓರೆ ನೆಲದ ಮೇಲೆ ಗೋಲಿ ನೋಡಿದವಳು ಅವಳು. ಪರದೆಯ ಮೇಲೆ ನೆಲವನ್ನು ಸಮತಟ್ಟಾಗಿ ಬರೆದಿದ್ದಳು. ಗೋಲಿ ನೆಟ್ಟಗೆ ಓಡಿದಾಗ ಅದು ಸತ್ತಂತೆ ಕಂಡು, ಜೀವ ಬರಲೆಂದು ಬಲಗಡೆಗೆ ಒಂದು ಸಣ್ಣ ನೂಕು ಸೇರಿಸಿದ್ದಳು. ಅದೊಂದು ನೂಕು ಎಂದು ಅವಳಿಗೆ ಅನ್ನಿಸಿರಲೇ ಇಲ್ಲ. ಅತ್ತಿಗೆ ಓಣಿಗೆ ಬಂದವಳು, ಹುಟ್ಟಿದವಳಲ್ಲ. ಬಂದ ಹೊಸದರಲ್ಲಿ ರಾತ್ರಿ ಮಲಗಿದಾಗ ಮಂಚ ಒಂದು ಕಡೆಗೆ ವಾಲಿದೆಯಲ್ಲ ಎಂದು ನಿದ್ದೆ ಬಾರದೆ ಹೊರಳಾಡಿದ್ದು ಅವಳಿಗೆ ನೆನಪಿತ್ತು. ಅದು ಯಾವಾಗ ನಿಂತುಹೋಯಿತು ಎಂಬುದು ಮಾತ್ರ ನೆನಪಿಗೆ ಬರಲಿಲ್ಲ.

"ಒಂದು ನಂಬರು ಅತ್ತಿಗೆ, ಅಷ್ಟೇ. ಸೊನ್ನೆ ಮಾಡಿದ್ರೆ ಮುಗೀತು. ಯಾರಿಗೂ ಗೊತ್ತಾಗಲ್ಲ." ಪಾಪು ಒಳಗೆ ಓಡಿ ಕಂಪ್ಯೂಟರಿಗೆ ಕೈ ಹಾಕಿದಳು.

ಹಿಂದೆಯೇ ಬಂದ ಅತ್ತಿಗೆ ಅವಳ ಮಣಿಕಟ್ಟು ಹಿಡಿದಳು. "ಬೇಡ, ಇರು."

"ಯಾಕೆ? ನಾಡಿದ್ದು ಸಾಹೇಬ್ರು ಬರ್ತಾರೆ."

"ಸದ್ದಿಲ್ದೆ ತೆಗೆದ್ರೆ ನಾಳೆ ಅಷ್ಟೂ ಮಕ್ಕಳಿಗೆ ಗುರಿ ತಪ್ಪುತ್ತೆ. ನಮ್ಮ ಕೈ ಕೆಟ್ಟೋಯ್ತು ಅಂದ್ಕೋತಾರೆ. ಒಬ್ಬಳು ಈಗಾಗ್ಲೇ ಹಾಗೇ ಅಂದ್ಕೊಂಡಿದಾಳೆ. ನನ್ನ ಹತ್ರ ಬಂದು ಕೇಳಿದ್ಲು. ನಾನು ರೂಢಿ ಮಾಡ್ಕೋ ಅಂದೆ." ಅತ್ತಿಗೆ ಮೇಜಿನ ಮೇಲಿದ್ದ ನೇರ ಗೆರೆಯ ಹಾಳೆಯನ್ನು ಎತ್ತಿಕೊಂಡಳು. "ಗೊತ್ತಿದ್ದವಳಿಗೆ ಮರೆಯೋದನ್ನ ಕಲಿಸಿದೆ ನೋಡು."

"ಅದಕ್ಕೆ? ಸಾಹೇಬ್ರ ಮುಂದೆ ನನ್ನ ಆಟದ ಹುಳುಕು ಎತ್ತಿ ತೋರಿಸ್ತೀಯಾ? ಎರಡು ವರ್ಷ ಕೂತು ಮಾಡಿದೀನಿ!"

"ಹುಳುಕು ನಿಂದಲ್ಲ, ಓಣೀದು. ಅದನ್ನ ಮಕ್ಕಳೇ ಹಿಡೀಲಿ."

"ನಿಂಗೇನು, ನಿನ್ನ ಕೆಲಸ ನಿನ್ನ ಜೊತೇಲೇ ಇರುತ್ತೆ. ಹೋಗೋದು ನಂದು." ಪಾಪು ಮುಖ ಊದಿಸಿಕೊಂಡು ಒಳಕೋಣೆಗೆ ಹೋದಳು. ಆ ಸಂಜೆ ಮೇಜಿನ ಮೇಲೆ ತಟ್ಟೆಗಳಿಗೆ ಬೇಕಾದಷ್ಟು ಜಾಗವಿತ್ತು. ಯಾರಿಗೂ ಊಟ ಸೇರಲಿಲ್ಲ.

ಸೋಮವಾರ ಅತ್ತಿಗೆ ಎಲ್ಲವನ್ನೂ ಹೆಡ್‌ಮಾಸ್ಟರಿಗೆ ಹೇಳಿದಳು. ಅವರು ಒಳ್ಳೆಯವರು. ಯಾರಿಗೂ ನೋವಾಗಬಾರದು ಎನ್ನುವ ಜಾತಿಯವರು. ಅವಳ ಮಾತು ಮುಗಿಯುವವರೆಗೂ ಕನ್ನಡಕ ಒರೆಸುತ್ತಲೇ ಇದ್ದರು.

"ಇಷ್ಟಕ್ಕೆ ಯಾಕೆ ತಲೆ ಕೆಡಿಸ್ಕೋತೀರಿ? ಆ ಪ್ರಶ್ನೇನೇ ಇರ್ಲಿಲ್ಲ ಅಂದ್ಕೊಳ್ಳಿ. ಎಲ್ಲರಿಗೂ ಆ ಅಂಕ ಹಾಕ್ಬಿಡಿ. ಆ ನಂಬರ್ರೂ ತೆಗೆಸಿ. ಸಾಹೇಬ್ರು ಬಂದು ನೋಡಿ, ಭೇಷ್ ಅಂದು ಹೋಗ್ಲಿ."

"ಒಬ್ಬಳು ಸರಿಯಾಗಿ ಬರೆದಿದಾಳೆ ಸಾರ್."

"ಅವಳಿಗೂ ಅಂಕ ಸಿಗುತ್ತಲ್ಲ!"

"ಅವಳಿಗೆ ಆಗ್ಲೇ ಸಿಕ್ಕಿದೆ. ಎಲ್ಲರಿಗೂ ಕೊಟ್ರೆ ಅವಳದ್ದು ಹೋಗುತ್ತೆ."

ಹೆಡ್‌ಮಾಸ್ಟರು ಕನ್ನಡಕ ಹಾಕಿಕೊಂಡು ಅವಳನ್ನು ಹೊಸದಾಗಿ ನೋಡುವಂತೆ ನೋಡಿದರು. "ಕೋಣೆ ಹೋಗುತ್ತಮ್ಮಾ. ನಾನು ಉಳಿಸೋಕಾಗಲ್ಲ."

"ಗೊತ್ತು ಸಾರ್."

ಗೊತ್ತಿತ್ತು ನಿಜ. ಆದರೂ ಮೆಟ್ಟಿಲಿಳಿಯುವ ಮುನ್ನ ಅವಳು ಕೊನೆಯ ಕೋಣೆಯತ್ತ ಒಮ್ಮೆ ತಿರುಗಿ ನೋಡಿದಳು. ಆ ಕೋಣೆಯಲ್ಲಿ ಅವಳು ಕಂಡಿದ್ದ ಮುಖಗಳನ್ನು ಅಷ್ಟು ವರ್ಷದ ಮೇಷ್ಟರಿಕೆಯಲ್ಲಿ ಬೇರೆಲ್ಲೂ ಕಂಡಿರಲಿಲ್ಲ.

ಅಧಿಕಾರಿ ಬಂದ ದಿನ ಅವಳು ಉತ್ತರ ಪತ್ರಿಕೆಗಳನ್ನು ಹಂಚಿದಳು. ಅಧಿಕಾರಿ ಇನ್ನೂ ಎಳೆ ಪ್ರಾಯದವರು. ಹೆಗಲಿಗೆ ಚೀಲ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಹೆಡ್‌ಮಾಸ್ಟರ ಪಕ್ಕ ಕುಳಿತಿದ್ದರು.

"ಕೊನೇ ಪ್ರಶ್ನೆ ಒಬ್ಬರೇ ಸರಿ ಮಾಡಿದಾರೆ" ಎಂದಳು ಅತ್ತಿಗೆ, ಹೊಸ ಹುಡುಗಿಯ ಕಡೆ ನೋಡಿ. "ಉಳಿದವರದ್ದು ತಪ್ಪು. ಆಟದ್ದೂ ತಪ್ಪು, ನಂದೂ ತಪ್ಪು. ನೆಟ್ಟಗೆ ಹೊಡೆದವಳಿಗೆ ನಾನು ಎಡಕ್ಕೆ ಹೊಡಿ ಅಂದಿದ್ದೆ."

ಲಾಯರ್ ಎದ್ದು ನಿಂತಳು. "ಹೇಗೆ ತಪ್ಪು ಮೇಡಂ? ನಾನು ದಿನಾ ಆಡ್ತೀನಿ. ಗೋಲಿ ಹೋಗೋದೇ ಹಾಗೆ."

"ಬಾ ಹೊರಗೆ. ತೋರ್ಸು."

ಕೋಣೆಯ ಹೊರಗಿನ ಉದ್ದನೆಯ ಕಾರಿಡಾರಿಗೆ ನುಣುಪು ನೆಲ. ಅತ್ತಿಗೆ ಒಂದು ಗೋಲಿಯನ್ನು ದೂರದಲ್ಲಿಟ್ಟು, ಇನ್ನೊಂದನ್ನು ಲಾಯರ್ ಕೈಗೆ ಕೊಟ್ಟಳು. ಲಾಯರ್ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ನಾಲ್ಕು ಬೆರಳು ಎಡಕ್ಕೆ ಗುರಿ ಇಟ್ಟು ಹೊಡೆದಳು. ಗೋಲಿ ನಾಲ್ಕು ಬೆರಳು ಎಡಕ್ಕೇ ಹೋಗಿ ಗೋಡೆಗೆ ಬಡಿಯಿತು. ಇನ್ನೊಬ್ಬ ಹೊಡೆದ, ಎಡಕ್ಕೆ. ಮತ್ತೊಬ್ಬಳು, ಎಡಕ್ಕೆ. ಓಣಿಯ ಶೂರರೆಲ್ಲ ಒಬ್ಬೊಬ್ಬರಾಗಿ ನೆಲಕಚ್ಚಿದರು.

"ಕಾರಿಡಾರೇ ಸರಿಯಿಲ್ಲ ಮೇಡಂ!" ಎಂದು ಲಾಯರ್ ಕೂಗಿದಳು. ತೀರ್ಪಿನ ಮೇಲೆ ಅಪೀಲು ಹೋಗುವವಳಂತೆ.

ಹೊಸ ಹುಡುಗಿ ಹೊಡೆದದ್ದು ಗೋಲಿಯ ಮೈ ಸವರಿಕೊಂಡು ಹೋಯಿತು. ಇಡೀ ಟರ್ಮಿನಲ್ಲಿ ಅವಳ ಗೋಲಿ ಇನ್ನೊಂದನ್ನು ಮುಟ್ಟಿದ್ದು ಅದೇ ಮೊದಲು. ಅವಳು ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು.

ಅಧಿಕಾರಿಗೂ ತಡೆಯಲಾಗಲಿಲ್ಲ. ಚೀಲವನ್ನು ಹೆಡ್‌ಮಾಸ್ಟರ ಕೈಗೆ ಕೊಟ್ಟು, ಪ್ಯಾಂಟು ಮೊಣಕಾಲಿಗೇರಿಸಿ ಕುಳಿತರು. ಗುರಿ ಇಟ್ಟರು, ಹೊಡೆದರು. ಗೋಲಿ ಬಲಗಡೆಗೆ ಹೋಗಿ ಕಂಬಕ್ಕೆ ತಾಗಿತು.

"ಸಾರ್, ನಿಮ್ಮ ಮನೆ ಚರಂಡಿ ಎಡಗಡೆಗಿತ್ತಾ?" ಲಾಯರ್ ಕೇಳಿಯೇಬಿಟ್ಟಳು.

ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡರು. ಅಧಿಕಾರಿ ನಗತೊಡಗಿದರು. ಅವರ ಮುಖದ ಮೇಲೆ ಯಾವುದೋ ಹಳೆಯ ಬೀದಿಯೊಂದು ಹಾದುಹೋದಂತೆ ಅತ್ತಿಗೆಗೆ ಕಂಡಿತು. "ಹೌದಲ್ಲ" ಎಂದರು ಅವರು, ಬಹಳ ಮೆಲ್ಲಗೆ.

ಆಮೇಲೆ ಮಕ್ಕಳನ್ನು ಹಿಡಿಯುವುದೇ ಕಷ್ಟವಾಯಿತು. ಆಟದೊಳಗೆ ಯಾರೋ ತಳ್ಳುತ್ತಿದ್ದಾರೆ, ಎಷ್ಟು ಜೋರಾಗಿ, ಎಲ್ಲಿಂದ ಎಂದು ಕಂಡುಹಿಡಿಯಬೇಕು ಎಂದು ಅತ್ತಿಗೆ ಹೇಳಿದ್ದೇ ತಡ, ಅರ್ಧ ಜನ ಕೋಣೆಗೆ ನುಗ್ಗಿದರು, ಅರ್ಧ ಜನ ಕಾರಿಡಾರಿನಲ್ಲಿ ಅಡ್ಡಬಿದ್ದು ನೆಲಕ್ಕೆ ಕೆನ್ನೆ ಹಚ್ಚಿ ನೋಡತೊಡಗಿದರು. ಭಾರದ ಗೋಲಿ, ಹಗುರದ ಗೋಲಿ, ಮೆಲ್ಲಗೆ, ಜೋರಾಗಿ, ಹಿಂದಿನಿಂದ, ಮುಂದಿನಿಂದ. ಒಬ್ಬರ ಮಾತು ಒಬ್ಬರಿಗೆ ಕೇಳಿಸದಷ್ಟು ಗದ್ದಲ. ಹೊಸ ಹುಡುಗಿಯನ್ನು ಲಾಯರ್ ತನ್ನ ಕಕ್ಷಿಗೆ ಎಳೆದುಕೊಂಡಿದ್ದಳು.

ಅಧಿಕಾರಿ ಬಾಗಿಲ ಬಳಿ ಅತ್ತಿಗೆಯ ಪಕ್ಕಕ್ಕೆ ಬಂದರು. ಅವರ ಮಂಡಿಗೆ ಇನ್ನೂ ಧೂಳು ಮೆತ್ತಿತ್ತು.

"ನಂಗೆ ಖುಷಿ ಆಯ್ತು ಮೇಡಂ. ಆದ್ರೆ ನನ್ನ ಖುಷಿಯಿಂದ ಏನೂ ಆಗಲ್ಲ. ನಾನು ಹೇಳ್ಬೇಕಾದ್ದು ಒಂದೇ ಮಾತು, ಆಟದಲ್ಲಿ ದೋಷ ಇದೆಯೋ ಇಲ್ವೋ ಅಂತ. ಹೆಡ್‌ಮಾಸ್ಟ್ರು ಹೇಳಿದ್ರು, ಒಂದು ನಂಬರಂತೆ. ಈಗ್ಲೇ ತೆಗೆದುಬಿಡಿ. ಇಲ್ಲ ಅಂತ ಹೇಳಿ ಹೋಗ್ತೀನಿ."

ಅವರ ಬೆನ್ನ ಹಿಂದಿನಿಂದ ಹೆಡ್‌ಮಾಸ್ಟರು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು. ಅತ್ತಿಗೆಗೆ ಪಾಪುವಿನ ಊದಿದ ಮುಖ ನೆನಪಾಯಿತು. ಎರಡು ವರ್ಷದ ಸಂಜೆಗಳು ನೆನಪಾದವು. ತೆಗೆಯುವುದು ಎಷ್ಟು ಹೊತ್ತಿನ ಕೆಲಸ ಎಂಬುದೂ ಅವಳಿಗೆ ಗೊತ್ತಿತ್ತು.

"ಇದೆ ಸಾರ್, ದೋಷ ಇದೆ" ಎಂದಳು. "ಈಗ ತೆಗೆದ್ರೆ ಅವರು ಹುಡುಕ್ತಾ ಇರೋದೇ ಇಲ್ದಂಗಾಗುತ್ತೆ. ಹುಡುಕಿ ಅವರೇ ತೆಗೀಲಿ."

"ಎಷ್ಟು ದಿನ ಬೇಕು?"

"ಹೇಗೆ ಹೇಳೋದು? ನಂಗೇ ಇಷ್ಟು ವರ್ಷ ಬೇಕಾಯ್ತು."

ಅಧಿಕಾರಿ ನಿಟ್ಟುಸಿರು ಬಿಟ್ಟರು. "ಹಾಗಾದ್ರೆ ನನ್ನ ಕೈಯಲ್ಲಿ ಏನೂ ಇಲ್ಲ ಮೇಡಂ. ಬರೋ ತಿಂಗಳಿಂದ ಕೋಣೆ ಕಚೇರಿಗೆ ಹೋಗುತ್ತೆ. ಆಟಾನ ತಿದ್ದಿ ಇನ್ನೊಂದ್ಸಲ ಕಳಿಸಿದ್ರೆ ಆಗ ನೋಡ್ಬಹುದು, ಅಲ್ಲಿವರೆಗೆ ನೀವು ಏನು ಮಾಡ್ತೀರಿ ಅಂತ..."

"ಮೇಡಂ!" ಕಾರಿಡಾರಿನ ಆ ತುದಿಯಿಂದ ಹೊಸ ಹುಡುಗಿ ಕೂಗಿದಳು. ನೆಲದ ಮೇಲೆ ಮೊಣಕೈಯೂರಿ ಮಲಗಿದ್ದಳು, ತಲೆ ಮಾತ್ರ ಎತ್ತಿದ್ದಳು. "ಇದೂ ಸಮ ಇಲ್ಲ ಮೇಡಂ! ಕಿಟಕಿ ಕಡೆಗೆ ಒಂಚೂರು ಇಳಿಜಾರಿದೆ. ಬನ್ನಿ, ನೋಡಿ ಬೇಕಾದ್ರೆ!"

"ನಾನು ಆಗ್ಲೇ ಹೇಳ್ಲಿಲ್ವಾ?" ಎಂದಳು ಲಾಯರ್.

"...ಅದನ್ನಾದ್ರೂ ನಾನು ಮೇಲಿನವರಿಗೆ ಹೇಳ್ಬೇಕಲ್ಲ" ಎನ್ನುತ್ತಿದ್ದರು ಅಧಿಕಾರಿ. "ಒಂದು ವೇಳೆ ಅವರು ಕೇಳಿದ್ರೆ, ಮೇಡಂ, ನಿಮ್ಮ ಕಡೆಯಿಂದ ನಾನು..."

ಅತ್ತಿಗೆ ಕನ್ನಡಕವನ್ನು ಹಣೆಗೇರಿಸಿ, ಮಲಗಿದ್ದ ಮಕ್ಕಳ ಕಾಲುಗಳನ್ನು ದಾಟುತ್ತ, ಕಿಟಕಿಯ ಕಡೆಗೆ ನಡೆದುಬಿಟ್ಟಿದ್ದಳು.